ಸತುವಿನ ಬಿಲ್ಲೆ ತಿಂದವರು ಯಾರು?

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆಗೆ ಉಪ್ಪು ಸವರಿ ಬಿಸಿಲಲ್ಲಿ ಒಣಗಹಾಕಿ. ದೋಣಿಕಟ್ಟೆಯ ಕತೆ ಅಂದ ಕೂಡಲೇ ಜನ ಅರ್ಧ ಕಳೆದು ಉಳಿದರ್ಧ ನಂಬುತ್ತಾರೆ. ಇದರಲ್ಲಿ ಆ ಕಷ್ಟ ನಿಮಗೆ ಬೇಡ; ಕಳೆಯಬೇಕಾದ್ದನ್ನೆಲ್ಲ ನಾನೇ ಕಳೆದು ತಂದಿದ್ದೇನೆ.

ಆ ದಿನ ಬೆಳಿಗ್ಗೆ ಆಹಾ ತನ್ನ ದೋಣಿಯ ಹೊಟ್ಟೆಯ ಕೆಳಗೆ ಮರಳಿನಲ್ಲಿ ಅಂಗಾತ ಮಲಗಿ, ಇರಬೇಕಾದ ಜಾಗದಲ್ಲಿ ಇಲ್ಲದ ಒಂದು ವಸ್ತುವನ್ನು ದಿಟ್ಟಿಸಿ ನೋಡುತ್ತಿದ್ದ.

ಆಹಾ ಅನ್ನುವುದು ಅವನ ಹೆಸರಲ್ಲ. ಅವನ ಹೆಂಡತಿಯ ಅಣ್ಣನಿಗೆ ಪೇಟೆಯಲ್ಲೊಂದು ಹಾಸಿಗೆ ಅಂಗಡಿ. ಮದುವೆಯಾದ ಹೊಸತರಲ್ಲೇ ಆ ಭಾವ ಇವನನ್ನು ಕೆಲಸಕ್ಕೆ ಸೇರಿಸಿಕೊಂಡರು. ಕೆಲಸ ಬಹಳ ಸುಲಭ. ಗಿರಾಕಿ ಬಂದ ಕೂಡಲೇ ಹಾಸಿಗೆಯ ಮೇಲೆ ಬಿದ್ದುಕೊಳ್ಳಬೇಕು, ಕಣ್ಣು ಮುಚ್ಚಬೇಕು, ಹೊಟ್ಟೆಯಾಳದಿಂದ 'ಆಹಾ' ಅನ್ನಬೇಕು. ಹಗಲೆಲ್ಲ ಮಲಗುವುದೇ ಉದ್ಯೋಗವಾದ ಮೇಲೆ ಮನೆಗೆ ಬಂದು ಮಲಗಿದರೂ ಅಂಗಡಿಯಲ್ಲೇ ಇದ್ದ ಹಾಗೆ ಅನ್ನಿಸಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳತನಕ ಕುರ್ಚಿಯಲ್ಲಿ ಕೂತು ಆಕಳಿಸಿ, ಬೆಳಿಗ್ಗೆ ಅಂಗಡಿಗೆ ಹೋದರೆ ಗಿರಾಕಿಯ ಎದುರಿಗೇ ಗೊರಕೆ ಹೊಡೆಯುತ್ತಿದ್ದ. ಭಾವ ಭುಜ ಅಲುಗಿಸಿ ಎಬ್ಬಿಸುತ್ತಿದ್ದರು: "ನೋಡಪ್ಪಾ, ನಿನಗೆ ಸಂಬಳ ಕೊಡೋದು ಮಲಗೋಕೆ. ನಿದ್ದೆ ಮಾಡೋಕಲ್ಲ."

ಹೀಗೆ ಕೆಲವು ವರ್ಷ ಮಲಗಿ ಮಲಗಿ ಸುಸ್ತಾದವನು ಒಂದು ದಿನ ಎದ್ದು ನಿಂತ. ಎಲ್ಲೋ ಒಂದು ಕೆರೆಯಲ್ಲಿ ಓಡಾಡಿ ಮುದಿಯಾಗಿದ್ದ ಅಲ್ಯೂಮಿನಿಯಂ ಪೊಂಟೂನ್ ದೋಣಿಯೊಂದನ್ನು ತಂದು, ನದಿ ಸಮುದ್ರ ಸೇರುವ ಅಳಿವೆಯ ಕಟ್ಟೆಗೆ ಕಟ್ಟಿದ. ಪೊಂಟೂನ್ ದೋಣಿ ಅಂದರೆ ದೊಡ್ಡ ವಿದ್ಯೆಯೇನಲ್ಲ. ಎರಡು ಕಡೆ ಬಾಯಿ ಮುಚ್ಚಿದ ಎರಡು ದಪ್ಪ ಕೊಳವೆ, ಅವುಗಳ ಮೇಲೆ ಒಂದು ಜಗಲಿ, ಜಗಲಿಯ ಸುತ್ತ ಕಟಕಟೆ, ಮೇಲೊಂದು ಬಟ್ಟೆಯ ಮಾಡು, ಹಿಂದುಗಡೆ ಒಂದು ಮೋಟಾರು. ಜನರನ್ನು ಕೂರಿಸಿಕೊಂಡು ಅಳಿವೆಯಲ್ಲಿ ಒಂದು ಸುತ್ತು ಹೊಡೆಸುವುದು ಅವನ ಹೊಸ ಉದ್ಯೋಗ. ಈ ಉದ್ಯೋಗದಲ್ಲಿ ನಿಂತೇ ಇರಬೇಕಾಗಿತ್ತು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ. ರಾತ್ರಿ ಮನೆಗೆ ಬಂದು ಬಿದ್ದರೆ ಮರದ ದಿಮ್ಮಿಯ ಹಾಗೆ ನಿದ್ದೆ ಹೋಗುತ್ತಿದ್ದ.

ತೊಂದರೆ ಇದ್ದದ್ದು ನೀರಿನಲ್ಲಿ. ಕೆರೆಯದು ಸಿಹಿನೀರು; ಅಳಿವೆಗೆ ದಿನಾ ಸಮುದ್ರ ಬಂದು ಹೋಗುತ್ತದೆ. ಉಪ್ಪುನೀರು ತಾಗಿದ ಕಬ್ಬಿಣ ಕೆಂಪಗೆ ಕಣ್ಣೀರು ಸುರಿಸಿ ಊರಿಗೆಲ್ಲ ಹೇಳಿಕೊಂಡು ಅಳುತ್ತದೆ. ಅಲ್ಯೂಮಿನಿಯಂ ಮರ್ಯಾದಸ್ಥ ಮನೆತನದ್ದು. ಮುಖಕ್ಕೆ ಒಂದಿಷ್ಟು ಬಿಳಿ ಪುಡಿ ಬಳಿದುಕೊಂಡು, ಏನೂ ಆಗಿಲ್ಲವೆನ್ನುವ ಹಾಗೆ ನಿಂತು, ಒಳಗೊಳಗೇ ತೂತಾಗುತ್ತದೆ.

ಅದಕ್ಕೆ ಮದ್ದು ಸತುವಿನ ಬಿಲ್ಲೆ. ಉಪ್ಪುನೀರಿಗೆ ಏನನ್ನಾದರೂ ಕಡಿಯುತ್ತ ಕೂರುವ ಚಟ. ಕೊಳವೆಗೆ ಒಂದು ಸತುವಿನ ಬಿಲ್ಲೆ ಬಿಗಿದುಬಿಟ್ಟರೆ ಅದು ಸತುವನ್ನು ತಿನ್ನುತ್ತದೆ, ಅಲ್ಯೂಮಿನಿಯಂ ತಂಟೆಗೆ ಬರುವುದಿಲ್ಲ. ಕಟ್ಟೆಯ ಜನ ಅದಕ್ಕೆ ಬಲಿ ಬಿಲ್ಲೆ ಅನ್ನುತ್ತಾರೆ. ಒಂದು ಬಿಲ್ಲೆ ಹಾಕಿದರೆ ವರ್ಷ ಪೂರ್ತಿ ಅದರ ಯೋಚನೆ ಬೇಡ ಎಂದು ಅಂಗಡಿಯವನು ಹೇಳಿದ್ದ.

ಆಹಾ ಹೊಸ ಬಿಲ್ಲೆ ಬಿಗಿದು ಇನ್ನೂ ತಿಂಗಳಾಗಿರಲಿಲ್ಲ. ಈಗ ಅಲ್ಲಿ ಉಳಿದಿದ್ದದ್ದು ಬಚ್ಚಲಲ್ಲಿ ಕೊನೆಗೆ ಉಳಿಯುತ್ತದಲ್ಲ, ಯಾರೂ ಬಿಸಾಡುವುದಕ್ಕೂ ಒಪ್ಪದ, ಹಚ್ಚಿಕೊಳ್ಳುವುದಕ್ಕೂ ಒಪ್ಪದ ಸೋಪಿನ ಚೂರು, ಅಂಥದ್ದು. ಬಿಲ್ಲೆ ಹೀಗೆ ಮಾಯವಾದದ್ದು ಇದೇ ಮೊದಲೂ ಅಲ್ಲ.

"ಮೀನು ತಿಂದಿರಬಹುದಾ?" ಎಂದು ಅವನು ತನಗೇ ಕೇಳಿಕೊಂಡ.

"ಯಾವ ಮೀನಿಗ್ರೀ ಅಷ್ಟು ಗಟ್ಟಿ ಹಲ್ಲು?" ಮೇಲಿನಿಂದ ಹೆಂಡತಿಯ ದನಿ ಬಂತು. ಅವಳು ಕಟ್ಟೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಇವತ್ತು ತಪಾಸಣೆ ಇದೆ, ಜ್ಞಾಪಕ ಇದೆ ತಾನೆ?"

"ಜ್ಞಾಪಕ ಇರೋದಕ್ಕೇ ಇಲ್ಲಿ ಮಲಗಿದೀನಿ."

"ಮಲಗೋದಾದ್ರೆ ಅಣ್ಣನ ಅಂಗಡೀಲೇ ಮಲಗಬಹುದಿತ್ತಲ್ಲ, ನೆರಳಿತ್ತು." ಅವಳು ಬೆರಳೆತ್ತಿದಳು. "ನೋಡಿ, ಮಾತು ಮಾತೇ. ದೋಣಿ ಪಾಸಾಯ್ತೋ, ನಿಮ್ಮ ಪಾಡು ನಿಮ್ಮದು, ನಾನು ಚಕಾರ ಎತ್ತಲ್ಲ. ಫೇಲಾಯ್ತೋ, ನಾಳೆ ಬೆಳಿಗ್ಗೆ ಅಂಗಡಿ. ಅಣ್ಣನೂ ಇವತ್ತು ಬರ್ತಾನಂತೆ."

"ಭಾವ ಯಾಕೆ?"

"ನಿಮ್ಮನ್ನ ಕರ್ಕೊಂಡು ಹೋಗೋಕೆ. ಹೊಸ ಹಾಸಿಗೆ ಬಂದಿದೆಯಂತೆ. ಬೆನ್ನುನೋವಿಗೆ ಒಳ್ಳೇದಂತೆ. ಅದರ ಮೇಲೆ ಮಲಗಿ ತೋರಿಸೋರು ಯಾರೂ ಸರಿಯಾಗಿ ಸಿಕ್ತಾ ಇಲ್ಲವಂತೆ."

ಇಳಿತದ ನೀರು ದೂರಕ್ಕೆ ಸರಿದು ದೋಣಿಗಳೆಲ್ಲ ಮರಳ ಮೇಲೆ ಕೂತಿದ್ದವು. ನೀರು ಮತ್ತೆ ಏರುವುದರೊಳಗೆ ಏನಾದರೂ ಮಾಡಬೇಕು. ಅವನು ಓಡಿಹೋಗಿ ಅಂಗಡಿಯಿಂದ ಮತ್ತೊಂದು ಬಿಲ್ಲೆ ತಂದ. ಕಪಾಟಿನಲ್ಲಿ ಉಳಿದಿದ್ದದ್ದು ಅದೊಂದೇ. "ಈ ಊರಲ್ಲಿ ಸತು ಕೊಳ್ಳೋರು ನೀವೊಬ್ರೇ ಸಾರ್. ಊಟಕ್ಕೆ ನೆಂಚಿಕೊಳ್ತೀರಾ?" ಎಂದು ಅಂಗಡಿಯವನು ಕೇಳಿದ.

ಬಿಲ್ಲೆಯನ್ನು ಬಿಗಿಯುತ್ತಿರುವಾಗ ಪಕ್ಕದ ದೋಣಿಯಲ್ಲಿ ಫ್ಯಾನು ಹಾಕಿಕೊಂಡು ಕೂತಿದ್ದ ಮೇಷ್ಟ್ರು ಇಣುಕಿದರು. ಮಕ್ಕಳಿಗೆ ಭೂಗೋಳ ಹೇಳಿ ನಿವೃತ್ತರಾದವರು. ಈಗ ಮಕ್ಕಳಿಲ್ಲದ್ದರಿಂದ ಸಿಕ್ಕಿದವರಿಗೆ ಹೇಳುತ್ತಿದ್ದರು.

"ಏನ್ರೀ ಆಹಾ, ಮತ್ತೆ ಸತುವಾ?"

"ಹೌದು ಮೇಷ್ಟ್ರೇ. ಹಳೇದು ಕರಗಿಹೋಗಿದೆ."

"ನಾನು ಸತು ಅನ್ನೋ ಪದಾರ್ಥವನ್ನೇ ಹಾಕಿಲ್ಲ. ನನ್ನ ದೋಣಿ ನೋಡಿ!"

ಆಹಾ ನೋಡಿದ. ಮೇಷ್ಟ್ರ ದೋಣಿಯ ಕೊಳವೆಗಳು ಮದುಮಗನ ಕೆನ್ನೆಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ತನ್ನದರ ಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ.

"ಹೇಗೆ ಮೇಷ್ಟ್ರೇ ಇದು?"

"ದಿಕ್ಕು! ನನ್ನ ದೋಣಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದೆ. ನಿಮ್ಮದು ಮುಖ ಕೊಟ್ಟು ನಿಂತಿದೆ. ಉಪ್ಪುಗಾಳಿ ನೇರ ಬಂದು ಮೂತಿಗೆ ಹೊಡೆಯುತ್ತೆ. ಭೂಮಿ ಹುಟ್ಟಿದಾಗ ಸಮುದ್ರದಲ್ಲಿ ಉಪ್ಪೇ ಇರಲಿಲ್ಲ, ಗೊತ್ತಾ ನಿಮಗೆ? ಮೊದಲು ಬಂಡೆ..."

ಬಂಡೆಯಿಂದ ಶುರುವಾದ ಮಾತು ನದಿಗೆ ಇಳಿಯುವಷ್ಟರಲ್ಲಿ ಇನ್ನೊಂದು ಪಕ್ಕದಿಂದ ಹಲ್ಲಿನ ಡಾಕ್ಟರು ಚಹಾದ ಲೋಟ ಹಿಡಿದು ಬಂದರು. ಅವರ ದೋಣಿಯಲ್ಲಿ ಚಹಾ ಕಾಯಿಸುವ ಕರೆಂಟಿನ ಕೆಟಲ್ ಸದಾ ಕುದಿಯುತ್ತಿತ್ತು. ಅವರು ಬಗ್ಗಿ ಕೊಳವೆಯ ಬಿಳಿ ಮಚ್ಚೆಯನ್ನು ಉಗುರಿನಿಂದ ಕೆರೆದರು. ಆಮೇಲೆ, ರೋಗಿಯ ಮನೆಯವರ ಹತ್ತಿರ ಮಾತಾಡುವ ದನಿಯಲ್ಲಿ, "ಹುಳುಕು" ಎಂದರು.

"ಅಂದ್ರೆ?"

"ನಿರ್ಲಕ್ಷ್ಯ ಮಾಡಿದೀರಿ. ದಿನಕ್ಕೆ ಎರಡು ಸಲ ಉಜ್ತೀರಾ?"

"ಪ್ರತಿ ಸವಾರಿ ಮುಗಿದ ಮೇಲೆ ಸಿಹಿನೀರಲ್ಲಿ ತೊಳೀತೀನಿ ಡಾಕ್ಟ್ರೇ."

"ಬರೀ ಬಾಯಿ ಮುಕ್ಕಳಿಸಿದ್ರೆ ಆಗುತ್ತೇನ್ರೀ? ಪೇಸ್ಟ್ ಹಾಕಿ ಉಜ್ಜಬೇಕು. ಮೇಲಿಂದ ಕೆಳಕ್ಕೆ. ನನ್ನ ದೋಣಿ ನೋಡಿ, ಸತುವೂ ಇಲ್ಲ ಗಿತುವೂ ಇಲ್ಲ, ಬರೀ ಬ್ರಷ್. ಹಿಡೀರಿ." ಅವರ ಜೇಬಿನಿಂದ ಒಂದು ಹಲ್ಲುಜ್ಜುವ ಬ್ರಷ್ಷು, ಕಂಪನಿಯವರು ಪುಕ್ಕಟೆ ಕೊಟ್ಟ ಪುಟ್ಟ ಪೇಸ್ಟುಗಳ ಒಂದು ಹಿಡಿ ಹೊರಗೆ ಬಂದವು. "ನಯವಾಗಿ, ವಸಡಿಗೆ ನೋವಾಗದ ಹಾಗೆ."

ಡಾಕ್ಟರ ದೋಣಿಯೂ ಫಳಫಳ ಹೊಳೆಯುತ್ತಿದ್ದದ್ದು ನಿಜ. ಕಣ್ಣೆದುರಿಗೆ ಸಾಕ್ಷಿ ಇರುವಾಗ ವಾದ ಮಾಡುವುದು ಹೇಗೆ? ಆಹಾ ಬ್ರಷ್ಷು ಹಿಡಿದು ಕೂತ. ಮನುಷ್ಯನ ಬಾಯಿಗೆಂದು ಮಾಡಿದ ಬ್ರಷ್ಷಿನಿಂದ ಎರಡು ಆನೆಯಷ್ಟು ಉದ್ದದ ಕೊಳವೆಯನ್ನು ಉಜ್ಜುವವನ ಮುಖದಲ್ಲಿ ಒಂದು ವಿಶೇಷ ಕಳೆ ಇರುತ್ತದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೂ ಕೇಳದೆ, ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಂಡು ಮುಂದೆ ಹೋಗುತ್ತಿದ್ದರು.

ಒಂದು ಕೊಳವೆಗೆ ಅರ್ಧದಷ್ಟು ನೊರೆ ಹತ್ತಿದಾಗ ಬಣ್ಣದಕ್ಕ ಬಂದಳು. ಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟಿದ್ದರಿಂದ ಅವಳಿಗೆ ಆ ಹೆಸರು. ಮಾತೂ ಬಣ್ಣ ಬಣ್ಣವಾಗಿಯೇ ಇತ್ತು. ಡಾಕ್ಟರ ದೋಣಿಯ ಆಚೆಗೆ ಇದ್ದದ್ದು ಅವಳ ದೋಣಿ.

"ಅಯ್ಯೋ ತಮ್ಮಾ! ಯಾರು ನಿನಗೆ ಈ ಗತಿ ತಂದಿಟ್ಟೋರು?"

"ಹುಳುಕಂತೆ ಅಕ್ಕಾ."

"ಅವರಿಗೆ ಕನ್ನಡಿಯಲ್ಲೂ ಹುಳುಕೇ ಕಾಣೋದು. ಲೋಹಕ್ಕೆ ನೀರು ತಾಗಿದ್ರೆ ತಾನೆ ಉಪ್ಪು ತಿನ್ನೋದು? ತಾಗದ ಹಾಗೆ ಮೈ ಮುಚ್ಚು. ನನ್ನ ದೋಣಿಗೆ ನೀರಿನ ಮಟ್ಟದವರೆಗೆ ಬಣ್ಣ ಬಳಿದಿದೀನಿ. ಒಂದು ಚುಕ್ಕೆ ಇದೆಯಾ ನೋಡು? ಸತು ಅಂತೆ ಸತು! ದುಡ್ಡು ನೀರಿಗೆ ಹಾಕೋದಕ್ಕೆ ಅದೊಂದು ಹೆಸರು." ಮಾತಾಡುತ್ತಲೇ ಅವಳು ಒಂದು ಡಬ್ಬಿಯ ಮುಚ್ಚಳ ಎಬ್ಬಿಸಿದಳು. ಒಳಗೆ ಇಟ್ಟಿಗೆಯಂಥ ಕೆಂಪು. "ನನ್ನ ಬಣ್ಣ ಮುಗಿದಿದೆ. ಇದು ದೊಡ್ಡ ಮರದ ದೋಣಿಯೋರು ತರಿಸಿ ಬಿಟ್ಟುಹೋಗಿದ್ದು. ಮರಕ್ಕೇ ಇಷ್ಟು ಒಳ್ಳೇದು ಅಂದ್ರೆ ನಿನ್ನ ತಗಡಿಗೆ ಕೇಳಬೇಕಾ? ಇದರಲ್ಲಿ ತಾಮ್ರದ ಪುಡಿ ಇದೆ, ಪಾಚಿ ಸಮೇತ ಓಡಿಹೋಗುತ್ತೆ."

"ಅಕ್ಕಾ, ಒಂದು ನಿಮಿಷ, ಯೋಚನೆ ಮಾಡಿ..."

"ಯೋಚನೆ ಮಾಡೋಕೆ ನೀರು ನಿಲ್ಲುತ್ತಾ? ಏರ್ತಾ ಇದೆ, ಅಲ್ಲಿ ನೋಡು!"

ಅವನು ಅಲ್ಲಿ ನೋಡಿ ತಿರುಗುವಷ್ಟರಲ್ಲಿ ನೊರೆ ಹತ್ತದ ಕೊಳವೆ ಪೂರ್ತಿ ಕೆಂಪಾಗಿತ್ತು. ಬಣ್ಣದಕ್ಕನ ಕೈ ಓಡಿದರೆ ಗಾಳಿಗೂ ಬಣ್ಣ ಹತ್ತುತ್ತದೆ. ಹೊಸ ಸತುವಿನ ಬಿಲ್ಲೆಯನ್ನೂ ಅವಳು ಬಿಟ್ಟಿರಲಿಲ್ಲ. "ಒಂದೇ ಬಣ್ಣ ಇದ್ರೆ ಲಕ್ಷಣ" ಅಂದಳು. ಆಹಾ ತಲೆಯ ಮೇಲೆ ಕೈ ಹೊತ್ತು ಹಿಂದಕ್ಕೆ ಕುಸಿದು ಕೂತ. ಕೂತದ್ದು ಹಸಿ ಬಣ್ಣ ಚೆಲ್ಲಿದ್ದ ಹಲಗೆಯ ಮೇಲೆ.

ಅಷ್ಟರಲ್ಲಿ ಮೇಷ್ಟ್ರ ಭೂಗೋಳ ನದಿ ದಾಟಿ ಸಮುದ್ರ ಮುಟ್ಟಿತ್ತು. "ಬಣ್ಣ ಬಳೀರಿ, ಪೇಸ್ಟ್ ಬಳೀರಿ, ದಿಕ್ಕು ಸರಿ ಇಲ್ಲದೆ ಏನೂ ಪ್ರಯೋಜನ ಇಲ್ಲ. ತಿರುಗಿಸೋಣ ಬನ್ನಿ. ನೀರು ಕೊಳವೆ ಮುಟ್ಟಿದೆ, ಈಗ ಹಗುರ ಇರುತ್ತೆ."

ನಾಲ್ಕೂ ಜನ ಕೈ ಹಾಕಿದರು. ಮೇಷ್ಟ್ರು "ಪೂರ್ವಕ್ಕೆ!" ಅಂದರು. ಡಾಕ್ಟರು "ಬಲಕ್ಕೆ!" ಅಂದರು. ಬಣ್ಣದಕ್ಕ "ನನ್ನ ಬಣ್ಣ ಮುಟ್ಟಬೇಡಿ!" ಅಂದಳು. ಹೀಗೆ ಎಲ್ಲರ ಮಾತಿಗೂ ಬೆಲೆ ಕೊಟ್ಟು ದೋಣಿ ಅರ್ಧ ತಿರುಗಿತು. ಮೇಷ್ಟ್ರ ದೋಣಿಗೂ ಡಾಕ್ಟರ ದೋಣಿಗೂ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿತು. ಆಮೇಲೆ ಎಷ್ಟು ನೂಕಿದರೂ, ಬಾಗಿಲಲ್ಲಿ ಸಿಕ್ಕಿಕೊಂಡ ಸೋಫಾದ ಹಾಗೆ, ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ತಪಾಸಣೆಯಮ್ಮ ಬಂದದ್ದು ಆ ಹೊತ್ತಿಗೆ.

ಅವರು ಸಣ್ಣ ಆಳು. ಬಾಯಲ್ಲಿ ಪೆಪ್ಪರ್‌ಮಿಂಟು, ಹೆಗಲಿಗೆ ಚೀಲ. ನಗುವುದಿಲ್ಲ, ಗದರುವುದೂ ಇಲ್ಲ. ಒಂದು ಮಾತು ಆಡಿ, ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ, ಆಮೇಲೆ ಉಳಿದ ಮಾತು ಆಡುವುದು ಅವರ ಪದ್ಧತಿ. ಅಡ್ಡ ನಿಂತ ದೋಣಿಯನ್ನು ನೋಡಿದರು. ಒಂದು ಕೊಳವೆಯ ನೊರೆಯನ್ನು, ಇನ್ನೊಂದರ ಕೆಂಪನ್ನು ನೋಡಿದರು. ಕೊನೆಗೆ ಆಹಾನ ಪ್ಯಾಂಟಿನ ಹಿಂಭಾಗವನ್ನು ನೋಡಿದರು.

"ಗಾಯ ಆಗಿದೆಯಾ?"

"ಇಲ್ಲ ಮೇಡಂ, ಬಣ್ಣ."

"ನೊರೆ?"

"ಪೇಸ್ಟು ಮೇಡಂ."

"ದೋಣಿಗೆ?"

"ಹುಳುಕಂತೆ ಮೇಡಂ."

ತಪಾಸಣೆಯಮ್ಮ ಪೆಪ್ಪರ್‌ಮಿಂಟನ್ನು ಎಡದವಡೆಗೆ ಸಾಗಿಸಿದರು. "ಈ ಕೆಂಪು ಬಣ್ಣದಲ್ಲಿ ತಾಮ್ರ ಇದೆ. ಅಲ್ಯೂಮಿನಿಯಂ ಪಕ್ಕ ತಾಮ್ರ ಇಟ್ರೆ ಉಪ್ಪುನೀರು ಎರಡೆರಡು ಕೈಯಲ್ಲಿ ತಿನ್ನುತ್ತೆ. ಸತುವಿನ ಮೇಲೂ ಬಳಿದಿದೀರಿ. ಬಲಿಗೆ ಅಂತ ತಂದ ಬಿಲ್ಲೆಗೆ ಕೊಡೆ ಹಿಡಿದಿದೀರಿ."

ಬಣ್ಣದಕ್ಕ ಮೋಡ ನೋಡತೊಡಗಿದಳು. ಆಹಾ ಹಲ್ಲುಜ್ಜುವ ಬ್ರಷ್ಷಿನಿಂದಲೇ ಹಸಿ ಬಣ್ಣವನ್ನು ಗಸಗಸ ಉಜ್ಜಿ, ಬಟ್ಟೆಯಿಂದ ಒರೆಸಿ, ಅಂಗಿಯ ತೋಳಿನಿಂದ ಒರೆಸಿ, ಬಿಲ್ಲೆಯನ್ನು ಬೆಳ್ಳಗೆ ಮಾಡಿದ. "ಒಣಗಿರಲಿಲ್ಲ, ಪುಣ್ಯ" ಎಂದು ತಪಾಸಣೆಯಮ್ಮ ಚೀಲದಿಂದ ಒಂದು ಡಬ್ಬಿ ತೆಗೆದರು. ಡಬ್ಬಿಯ ಮುಖದಲ್ಲಿ ಒಂದು ಮುಳ್ಳು, ಬೆನ್ನಿನಿಂದ ಎರಡು ತಂತಿ. ಒಂದು ತಂತಿಯನ್ನು ನೀರಿಗೆ ಬಿಟ್ಟರು, ಇನ್ನೊಂದನ್ನು ಕೊಳವೆಗೆ ಸಿಕ್ಕಿಸಿದರು. ಮುಳ್ಳು ಸೋಮಾರಿಯ ಹಾಗೆ ಅರ್ಧಕ್ಕೆ ಬಂದು ಕೂತಿತು.

"ಹೊಸ ಬಿಲ್ಲೆ ಇದೆ. ಆದ್ರೂ ಮುಳ್ಳು ತುದಿಗೆ ಹೋಗಲಿಲ್ಲ, ದೋಣಿಗೆ ರಕ್ಷಣೆ ಸಾಲದು" ಎಂದರು.

"ನಾವು ಹೇಳಲಿಲ್ವಾ?" ಮೇಷ್ಟ್ರು, ಡಾಕ್ಟರು, ಬಣ್ಣದಕ್ಕ ಮೂವರೂ ಒಟ್ಟಿಗೇ ಅಂದರು. "ಸತು ಕೆಲಸಕ್ಕೆ ಬರಲ್ಲ ಮೇಡಂ. ನಮ್ಮ ದೋಣಿಗಳಿಗೆ ಸತುವೇ ಇಲ್ಲ."

"ಇಲ್ವಾ?"

"ಇಲ್ಲವೇ ಇಲ್ಲ!" ಮೂವರೂ ಎದೆಯುಬ್ಬಿಸಿದರು.

ತಪಾಸಣೆಯಮ್ಮ ಮೂರೂ ದೋಣಿಗಳ ಒಂದು ಮಚ್ಚೆಯೂ ಇಲ್ಲದ ಕೊಳವೆಗಳನ್ನು ನೋಡಿದರು. ಆಮೇಲೆ ಕಟ್ಟೆಯ ಮೇಲಿನ ಕರೆಂಟಿನ ಕಂಬ ನೋಡಿದರು. ಅದರಿಂದ ಮೇಷ್ಟ್ರ ಫ್ಯಾನಿಗೊಂದು ವೈರು, ಡಾಕ್ಟರ ಕೆಟಲಿಗೊಂದು, ಬಣ್ಣದಕ್ಕನ ದೀಪಕ್ಕೊಂದು, ಆಹಾನ ಬ್ಯಾಟರಿಗೆ ಮತ್ತೊಂದು ಹೊರಟಿದ್ದವು. ಅವರು ಸೀದಾ ಹೋಗಿ ಆಹಾನ ಪ್ಲಗ್ಗನ್ನು ಕಿತ್ತರು.

ಡಬ್ಬಿಯ ಮುಳ್ಳು ಬೆನ್ನಿಗೆ ತಣ್ಣೀರು ಬಿದ್ದ ಹಾಗೆ ಎಗರಿ ತುದಿಗೆ ಹೋಗಿ ನಿಂತಿತು. ಪ್ಲಗ್ಗು ಹಾಕಿದರು. ಮತ್ತೆ ಅರ್ಧಕ್ಕೆ ಬಿತ್ತು. ಕಿತ್ತರು. ಎಗರಿತು.

"ನಿಮ್ಮ ಬಿಲ್ಲೆ ಎಷ್ಟು ದಿನ ಬರುತ್ತೆ?"

"ತಿಂಗಳೂ ಬರಲ್ಲ ಮೇಡಂ. ಯಾರು ತಿಂತಾರೋ ದೇವರಿಗೇ ಗೊತ್ತು."

"ಇವರು ತಿಂತಾರೆ" ಎಂದು ತಪಾಸಣೆಯಮ್ಮ ಮೂವರ ಕಡೆ ಗದ್ದ ಎತ್ತಿ ತೋರಿಸಿದರು. "ಈ ಕಂಬದಿಂದ ಬರೋ ವೈರಲ್ಲಿ ಅರ್ಥಿಂಗ್ ತಂತಿ ಅಂತ ಒಂದಿರುತ್ತೆ. ಅದು ಎಲ್ಲ ದೋಣಿಗಳನ್ನೂ ಒಳಗಿಂದೊಳಗೆ ಒಂದಕ್ಕೊಂದು ಕಟ್ಟಿಹಾಕಿದೆ. ಉಪ್ಪುನೀರಿನ ಲೆಕ್ಕದಲ್ಲಿ ನಾಲ್ಕೂ ಸೇರಿ ಒಂದೇ ದೋಣಿ. ಆ ದೋಣಿಗೆ ಇರೋದು ಒಂದೇ ಬಿಲ್ಲೆ. ನಿಮ್ಮದು."

ಮೂವರೂ ತಂತಮ್ಮ ವೈರಿನ ಕಡೆ ತಿರುಗಿ ನೋಡಿದರು. ಡಾಕ್ಟರ ಕೆಟಲ್ ಗುಳುಗುಳು ಅನ್ನುತ್ತಲೇ ಇತ್ತು.

ಆಹಾನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಒಂದು ಗೇಣು ಎತ್ತರವಾದ.

"ಮೇಷ್ಟ್ರೇ! ದಿಕ್ಕು ಅಂದ್ರಲ್ಲ? ಎಲ್ಲಿ ಹೋಯ್ತು ದಿಕ್ಕು? ಡಾಕ್ಟ್ರೇ, ನಿಮ್ಮ ಬ್ರಷ್ಷು ತಗೊಳ್ಳಿ! ಅಕ್ಕಾ, ದುಡ್ಡು ನೀರಿಗೆ ಹಾಕೋದು ಅಂದ್ಯಲ್ಲ? ಹಾಕಿದ್ದು ನಾನು, ಬಾಚಿಕೊಂಡಿದ್ದು ನೀನು! ನಾನು ಇಲ್ಲಿ ಬಂದಾಗಿಂದ ನಿಮ್ಮೆಲ್ಲರ ದೋಣಿ ನನ್ನ ತಟ್ಟೆಗೆ ಕೈ ಹಾಕಿ ಉಣ್ತಾ ಇದೆ!"

"ನಮಗೇನ್ರೀ ಗೊತ್ತು?" ಮೇಷ್ಟ್ರು ಮೆತ್ತಗೆ ಅಂದರು. "ಇದು ಭೂಗೋಳದಲ್ಲಿ ಬರಲ್ಲ."

"ಈ ದೋಣಿ ಪಾಸು" ಎಂದು ತಪಾಸಣೆಯಮ್ಮ ಆಹಾನ ಕಡೆ ತಿರುಗಿದರು. "ಪ್ಲಗ್ ಹಾಕದೆ ಇದ್ರೆ. ಕೆಂಪು ಒಂದಿಷ್ಟೂ ಉಳಿಯದ ಹಾಗೆ ತೆಗೀಬೇಕು." ಆಮೇಲೆ ಮೂವರ ಕಡೆ ತಿರುಗಿದರು. "ಈ ಮೂರೂ ಫೇಲು. ಇವರ ಪ್ಲಗ್ ಕಿತ್ತ ಕ್ಷಣದಿಂದ ನಿಮ್ಮ ದೋಣಿಗಳು ಬರೀ ಮೈಯಲ್ಲಿ ನಿಂತಿವೆ. ಇವತ್ತೇ ಸತು ಹಾಕಿಸಿ, ಇಲ್ಲಾಂದ್ರೆ ನೀರಿಂದ ಮೇಲಕ್ಕೆ ಎಳೀರಿ."

ಬಣ್ಣದಕ್ಕ ಅಂಗಡಿಗೆ ಓಡಿದಳು, ಓಡಿದ ಹಾಗೆಯೇ ವಾಪಸು ಬಂದಳು. ಕಪಾಟು ಖಾಲಿ. ಕೊನೆಯ ಬಿಲ್ಲೆ ಬೆಳಿಗ್ಗೆ ಆಹಾ ಒಯ್ದಿದ್ದ.

ಈಗ ಮೂವರೂ ಆಹಾನನ್ನು ನೋಡಿದ ರೀತಿಯೇ ಬೇರೆಯಾಯಿತು. ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. ಡಾಕ್ಟರು ಅವನಿಗೊಂದು ಲೋಟ ಚಹಾ ಬಗ್ಗಿಸಿದರು. ಇಷ್ಟು ದಿನ ವಾಸನೆ ಮಾತ್ರ ಬರುತ್ತಿದ್ದ ಚಹಾ.

"ತಮ್ಮಾ" ಎಂದಳು ಬಣ್ಣದಕ್ಕ, "ನೀನು ನಮ್ಮ ಪಾಲಿನ ದೇವರಂಥೋನು ಕಣೋ. ಗೊತ್ತಿಲ್ಲದೇನೇ ಇಷ್ಟು ಮಾಡಿದೋನು, ಗೊತ್ತಾದ ಮೇಲೆ ಕೈ ಬಿಡ್ತೀಯಾ?"

"ಮೇಡಂ," ಮೇಷ್ಟ್ರು ತಪಾಸಣೆಯಮ್ಮನ ಕಡೆ ಬಗ್ಗಿದರು, "ಇಷ್ಟು ದಿನ ನಡೆದ ಹಾಗೆಯೇ ನಡೆಸಿಕೊಂಡು ಹೋಗೋಕೆ ನಿಯಮದಲ್ಲಿ ಏನಾದ್ರೂ..."

"ಇದೆ. ದೊಡ್ಡ ಬಿಲ್ಲೆಗಳನ್ನ ಹಾಕಿ, ಒಂದು ದೋಣಿಯ ಸತುವನ್ನ ಇಡೀ ಕಟ್ಟೆಗೆ ಅಂತ ತೋರಿಸಬಹುದು. ನಾನೇ ಆಫೀಸಿಂದ ಕಳಿಸ್ತೀನಿ, ಅದು ಕಟ್ಟೆಯ ಖರ್ಚಲ್ಲೇ ಬರುತ್ತೆ. ಆ ದೋಣಿಯೋರು ಒಪ್ಪಬೇಕು."

"ಒಪ್ತಾರೆ! ಒಪ್ಪದೆ ಏನು? ಎಂಥ ಮನುಷ್ಯ!"

"ಕಟ್ಟೆಯ ಕಾವಲುಗಾರ!" ಎಂದರು ಡಾಕ್ಟರು.

"ಆಧಾರಸ್ತಂಭ!" ಎಂದರು ಮೇಷ್ಟ್ರು.

ಆಹಾ ತನ್ನ ಜೀವಮಾನದಲ್ಲಿ ಹೊಗಳಿಸಿಕೊಂಡದ್ದು ಕಡಿಮೆ. ಅದೂ ಮಲಗಿದ್ದಾಗ ಮಾತ್ರ. ನಿಂತಿರುವಾಗ ಯಾರೂ ಅವನನ್ನು ಹೊಗಳಿರಲಿಲ್ಲ. ಕಟ್ಟೆಯ ತುದಿಯಲ್ಲಿ ಹೆಂಡತಿ ಬಂದು ನಿಂತಿದ್ದು ಕಾಣಿಸಿತು. ಅವಳ ಪಕ್ಕದಲ್ಲಿ ಹಾಸಿಗೆ ಅಂಗಡಿಯ ಭಾವ. ಇಬ್ಬರ ಕಿವಿಗೂ ಬೀಳುವ ಹಾಗೆ, ಚಹಾದ ಲೋಟ ಎತ್ತಿ ಹಿಡಿದು, ಅವನು ಗಂಭೀರವಾಗಿ, "ಒಪ್ಪಿಗೆ" ಎಂದ. "ನನ್ನಿಂದ ನಾಲ್ಕು ಜನಕ್ಕೆ ಉಪಕಾರ ಆಗೋದಾದ್ರೆ, ಆಗಲಿ."

ಮೂವರೂ ಚಪ್ಪಾಳೆ ತಟ್ಟಿದರು. ತಪಾಸಣೆಯಮ್ಮ ಚೀಲದಿಂದ ಒಂದು ಹಸಿರು ಚೀಟಿ ತೆಗೆದು ಆಹಾನ ದೋಣಿಯ ಕಟಕಟೆಗೆ ಅಂಟಿಸಿ, ಅಂಗೈಯಿಂದ ಚೆನ್ನಾಗಿ ಒತ್ತಿದರು. ಪ್ಲಗ್ಗನ್ನು ತಾವೇ ಕಂಬಕ್ಕೆ ಸಿಕ್ಕಿಸಿದರು. ಆಮೇಲೆ ಪೆಪ್ಪರ್‌ಮಿಂಟನ್ನು ಬಲದವಡೆಗೆ ಸಾಗಿಸಿದರು.

"ಆದ್ದರಿಂದ ಈ ದೋಣಿ ಇನ್ನು ಕಟ್ಟೆ ಬಿಟ್ಟು ಕದಲೋ ಹಾಗಿಲ್ಲ."

ಲೋಟ ಆಹಾನ ತುಟಿಯ ಹತ್ತಿರವೇ ನಿಂತಿತು. "ಏನಂದ್ರಿ?"

"ಇದು ಆಚೆ ಹೋದ್ರೆ ಉಳಿದೋರಿಗೆ ಸತು ಇರಲ್ಲ. ಸವಾರಿ, ಸುತ್ತಾಟ ಯಾವುದೂ ಇಲ್ಲ. ನಿಂತಿರಬೇಕು."

"ಮೇಡಂ, ನನ್ನ ಒಪ್ಪಿಗೆ ವಾಪಸ್ ತಗೋತೀನಿ!"

"ತಗೋಬಹುದು. ಮುಂದಿನ ತಪಾಸಣೇಲಿ."

"ಅದು ಯಾವಾಗ?"

"ನನಗೆ ವರ್ಗ ಆಗದಿದ್ರೆ ಬರೋ ವರ್ಷ." ತಪಾಸಣೆಯಮ್ಮ ಡಬ್ಬಿ ಚೀಲಕ್ಕೆ ಹಾಕಿ, ಮೊದಲನೇ ಸಲ ಒಂದಿಷ್ಟು ನಕ್ಕಂತೆ ಮಾಡಿ, ಹೊರಟುಹೋದರು.

ಆಹಾ ಸಹಾಯಕ್ಕೆ ಸುತ್ತ ನೋಡಿದ. ಮೇಷ್ಟ್ರು ಫ್ಯಾನಿನ ಕೆಳಗೆ ಹೋಗಿ ಕೂತಿದ್ದರು. ಡಾಕ್ಟರು ಮತ್ತೆ ಕೆಟಲಿಗೆ ನೀರು ಹಾಕುತ್ತಿದ್ದರು. ಬಣ್ಣದಕ್ಕ ಮುಚ್ಚಳ ಹಾಕಿದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, "ಆಧಾರಸ್ತಂಭ ಅಂದ ಮೇಲೆ ಅಲ್ಲಾಡಬಾರದಲ್ವಾ ತಮ್ಮಾ" ಎಂದು ಹೇಳಿ ಮಾಯವಾದಳು.

ಹೆಂಡತಿ ಓಡಿಬಂದಳು. ಅವಳ ಮುಖ ಅರಳಿತ್ತು. "ರೀ! ಹಸಿರು ಚೀಟಿ! ಪಾಸಾಯ್ತು!"

"ಪಾಸಾಯ್ತು ಕಣೇ. ಆದ್ರೆ ಕದಲೋ ಹಾಗಿಲ್ಲವಂತೆ."

"ಅಂದ್ರೆ ಮುಳುಗೋ ಭಯವೂ ಇಲ್ಲ ಅನ್ನಿ! ಇದಕ್ಕಿಂತ ಒಳ್ಳೇದು ಏನು ಬೇಕು?"

ಅವಳ ಹಿಂದೆ ಭಾವ ನಿಧಾನವಾಗಿ ಬಂದರು. ಆಹಾನ ಮುಖ ನೋಡಲಿಲ್ಲ, ದೋಣಿಯನ್ನು ನೋಡಿದರು. ಜಗಲಿಯ ಮೇಲೆ ಹತ್ತಿ ಹೆಜ್ಜೆಯಿಂದ ಅಳತೆ ಹಾಕಿದರು. ಬಟ್ಟೆಯ ಮಾಡಿನ ಕೆಳಗೆ ನಿಂತು ಗಾಳಿಗೆ ಮುಖ ಒಡ್ಡಿದರು. ನೀರು ಪೂರ್ತಿ ಏರಿ, ಅಡ್ಡ ಸಿಕ್ಕಿಕೊಂಡಿದ್ದ ದೋಣಿ ತಾನೇ ಬಿಡಿಸಿಕೊಂಡು ಮೆಲ್ಲಗೆ, ತೊಟ್ಟಿಲಿನ ಹಾಗೆ, ತೂಗುತ್ತಿತ್ತು. ಭಾವನ ಕಣ್ಣಲ್ಲಿ ಒಂದು ಬೆಳಕು ಹತ್ತಿಕೊಂಡಿತು.

"ನೋಡಪ್ಪಾ," ಎಂದರು, "ಅಂಗಡೀಲಿ ಜಾಗ ಸಾಲದೆ ಒದ್ದಾಡ್ತಾ ಇದ್ದೆ."

ಸಂಜೆಯೊಳಗೆ ಹಾಸಿಗೆಗಳು ಬಂದವು. ಆಹಾ ಹೆಂಡತಿಯ ಕಡೆ ತಿರುಗಿ, "ನೀನು ಮಾತು ಕೊಟ್ಟಿದ್ದೆ, ಪಾಸಾದ್ರೆ ಅಂಗಡಿಗೆ ಕಳಿಸಲ್ಲ ಅಂತ" ಎಂದ.

"ಕಳಿಸಿದ್ನಾ?" ಅವಳು ಅಮಾಯಕವಾಗಿ ಕೇಳಿದಳು. "ನೀವಿರೋದು ನಿಮ್ಮ ದೋಣೀಲಿ. ಅಂಗಡಿಯೇ ಬಂದಿದೆ. ಅದಕ್ಕೆ ನಾನೇನು ಮಾಡ್ಲಿ? ಮಲಗಿ, ಗಿರಾಕಿ ಬರ್ತಾ ಇದಾರೆ."

ಅವನು ಮಲಗಿದ. ಬೆನ್ನಿಗೆ ಹಾಸಿಗೆ ನಿಜವಾಗಿಯೂ ಚೆನ್ನಾಗಿತ್ತು; ಅದೇ ಅವನಿಗೆ ಹೆಚ್ಚು ಸಂಕಟ. ಅವನ ಕೆಳಗೆ ಜಗಲಿ, ಜಗಲಿಯ ಕೆಳಗೆ ಕೊಳವೆ, ಕೊಳವೆಯ ಕೆಳಗೆ ಹೊಸ ಬಿಲ್ಲೆ. ಅದು ಆಗಲೇ ಸದ್ದಿಲ್ಲದೆ ನಾಲ್ಕು ಮನೆಯ ಪಾಲಿಗೆ ಸವೆಯುವುದಕ್ಕೆ ಶುರುಮಾಡಿತ್ತು. ಮೊದಲ ಗಿರಾಕಿ ಗಂಡ ಹೆಂಡತಿ ಇಬ್ಬರು. ಅವರು ಕೇಳಿದ್ದೇನು ಗೊತ್ತೇ? ಹಾಸಿಗೆಯ ಬಗ್ಗೆ ಅಲ್ಲವೇ ಅಲ್ಲ. ಆ ಹೆಂಗಸು ಆಹಾನ ಕಿವಿಯ ಹತ್ತಿರ ಬಗ್ಗಿ, ತುಂಬ ಗುಟ್ಟಾಗಿ... ಅರೆ, ಕತೆ ಮುಗಿಯುವ ಮೊದಲೇ ಎದ್ದೇಬಿಟ್ಟಿರಲ್ಲ? ನಿಮ್ಮ ದೋಣಿಯ ಪ್ಲಗ್ಗು ಕಿತ್ತು ಬರಬೇಕೇ? ಇರಿ, ಮುಖ್ಯವಾದದ್ದು ಈಗಲೇ ಬರುವುದು. ಆ ಹೆಂಗಸು ಒಂದು ಕಾಲು ಕಟ್ಟೆಯ ಮೇಲೆ ಇಟ್ಟು, ಇನ್ನೊಂದು ಕಾಲನ್ನು ಹಾಸಿಗೆಯ ಮೇಲೆ—